ಕೊಂಡ ಕುದುರೆಗೆ ಲಾಯದ ಸಿದ್ಧತೆ

ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಸಾಳುವ ನರಸಿಂಹನಂತೂ (ಆಳ್ವಿಕೆ 1485-1491) ಕಡಲಲ್ಲಿ ಸತ್ತ ಕುದುರೆಯ ಬಾಲವನ್ನು ತಂದೊಪ್ಪಿಸಿದರೂ ಬೆಲೆ ಕೊಡುತ್ತಿದ್ದನೆಂಬುದು ಅವನದೇ ಹೇಳಿಕೆ. ಅಂದರೆ ಹಡಗಿನ ನಷ್ಟವನ್ನು ಕೊಳ್ಳುವವನೇ ಹೊತ್ತಿದ್ದನು. ವಿದ್ವಾಂಸರ ಚರ್ಚೆ ಬಹುಮಟ್ಟಿಗೆ ಈ ಲೆಕ್ಕದಲ್ಲಿಯೇ ನಿಂತಿದೆ. ಬದುಕುಳಿದು ಭಟ್ಕಳದಲ್ಲಿಳಿದು, ಘಟ್ಟವೇರಿ ಬಂದ ಕುದುರೆಗೆ ಇಲ್ಲಿ ಯಾವ ಸಿದ್ಧತೆ ನಡೆದಿರುತ್ತಿತ್ತು ಎಂಬುದು ನಮ್ಮ ಪ್ರಶ್ನೆ.

13ನೆಯ ಶತಮಾನದ ಕೊನೆಯಲ್ಲಿ ಪಾಂಡ್ಯನಾಡನ್ನು ಕುರಿತು ಮಾರ್ಕೊ ಪೋಲೊ, ಅಲ್ಲಿ ಕುದುರೆಗೆ ಮಾಂಸದೊಡನೆ ಬೇಯಿಸಿದ ಅನ್ನವನ್ನು ತಿನ್ನಿಸುವರು, ಆರೈಕೆ ಬಲ್ಲವರಿಲ್ಲ, ಆದುದರಿಂದ ಅವು ಸಾಯುತ್ತವೆ ಎಂದನು. ಈ ಮಾತನ್ನು ಇಡೀ ದಕ್ಷಿಣಕ್ಕೆ ಅನ್ವಯಿಸುವುದು ಸಲ್ಲದು. ಮೂರನೆಯ ಸೋಮೇಶ್ವರನ 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿಯೇ ಅಶ್ವವಿಚಾರವಿದೆ. ಮುಂದೆ ಅಭಿನವಚಂದ್ರನು ‘ಅಶ್ವವೈದ್ಯ’ವನ್ನು ಕನ್ನಡದಲ್ಲಿಯೇ ರಚಿಸಿದನು. ಭಾಷೆಯ ಈ ಆಯ್ಕೆ ನಮಗೆ ಮುಖ್ಯವೆನಿಸುತ್ತದೆ: ಲಾಯದಲ್ಲಿ ಮೈಯುಜ್ಜಿ, ಹುರುಳಿ ಬೇಯಿಸಿ, ಮದ್ದು ಅರೆಯುವವನಿಗೆ ಸಂಸ್ಕೃತ ಬಾರದಿದ್ದೀತು. ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಇಂಥ ಶಾಸ್ತ್ರಕೃತಿಗೆ ಎರಡು ಸಾಲು ಸಿಕ್ಕರೆ ಹೆಚ್ಚು (ನಾವೂ ಈ ದೋಷಕ್ಕೆ ಹೊರತಲ್ಲ). ಆಮದಿನ ಲೆಕ್ಕ ಹಿಡಿಯುವವರು ನೂನಿಜ್‌ನ ಪಕ್ಕದಲ್ಲಿ ಅಭಿನವಚಂದ್ರನನ್ನೂ ಇರಿಸಿಕೊಂಡು ಓದಬೇಕಾಗಿದೆ.