ಕಾರಟಗಿ ಸೀಮೆಯ ಗಡಿವಲಸೆ (1947–48)

ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನವಾಗುವುದಕ್ಕೆ ಮುನ್ನ, ಆಗಿನ ರಾಯಚೂರು ಜಿಲ್ಲೆಯ ಕಾರಟಗಿ, ಗಂಗಾವತಿ, ಕುಷ್ಟಗಿಗಳಿಂದಲೂ, ಸಾಲಾರಜಂಗರ ಜಹಗೀರಾಗಿದ್ದ ಕೊಪ್ಪಳ, ಯಲಬುರ್ಗಾಗಳಿಂದಲೂ ವಕೀಲರು, ಉಪಾಧ್ಯಾಯರು, ವಿದ್ಯಾರ್ಥಿಗಳು, ವರ್ತಕರು ಗಡಿಯಾಚೆಗೆ ತೆರಳಿದ ಪ್ರಸಂಗ. ನಿಜಾಮನ ಆಳ್ವಿಕೆಯ ವಿರುದ್ಧ ಹೋರಾಡಿದವರ ಗಡಿಶಿಬಿರಗಳ ಸಾಹಸಕಥನದ ನೆರಳಿನಲ್ಲಿ, ಕಸುಬನ್ನೇ ತೊರೆದು ಹೊರಟ ಈ ವಿದ್ಯಾವಂತರ ತ್ಯಾಗಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲ.

ಹಿನ್ನೆಲೆ: ಬ್ರಿಟಿಷರ ಸಾರ್ವಭೌಮತ್ವವು ಕೊನೆಗೊಂಡೊಡನೆ ತಾನು ಸ್ವತಂತ್ರನಾಗುವೆನೆಂದು ನಿಜಾಮ ಮೀರ್ ಉಸ್ಮಾನ್ ಅಲಿ ಖಾನನು 1947ರ ಜೂನಿನಲ್ಲಿ ಫರ್ಮಾನು ಹೊರಡಿಸಿದನು. ಸಭೆಗೆ ಪೂರ್ವಾನುಮತಿಯನ್ನು ವಿಧಿಸಿದ್ದ ‘ಗಸ್ತಿ ನಿಶಾನ್ 53’ರ ಕಾಲದಿಂದಲೂ ಬಾಯಿಕಟ್ಟಿಸಿಕೊಂಡಿದ್ದ ವಿದ್ಯಾವಂತರು ಬಯಸಿದುದು ಜವಾಬ್ದಾರಿ ಸರ್ಕಾರವನ್ನು, ಎಂದರೆ ಪ್ರಜಾಪ್ರತಿನಿಧಿಗಳಿಗೆ ಉತ್ತರವಾದಿಯಾದ ಮಂತ್ರಿಮಂಡಲವನ್ನು. ಅವರ ನಾಯಕ ಸ್ವಾಮಿ ರಾಮಾನಂದ ತೀರ್ಥರು ಪೂರ್ವದಲ್ಲಿ ಉಪಾಧ್ಯಾಯರು. ಎದುರುನಿಂತ, ನಿಜಾಮನ ಪರವಾದ ಸಶಸ್ತ್ರ ಪಡೆಯಾದ ರಜಾಕಾರರ ಮುಖಂಡ ಕಾಸಿಮ್ ರಜ್ವಿಯೂ ಲಾತೂರಿನ ವಕೀಲನೇ. ಭಾರತದೊಡನೆ ನಿಜಾಮನು ಮಾಡಿಕೊಂಡ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದವು ಜವಾಬ್ದಾರಿ ಸರ್ಕಾರದ ಬಯಕೆಯನ್ನು ಈಡೇರಿಸಲಿಲ್ಲ. 1948ರಲ್ಲಿ ವಿನಾಯಕರಾವ್ ವಿದ್ಯಾಲಂಕಾರರ ಮುಂದಾಳ್ತನದಲ್ಲಿ ಅನೇಕ ವಕೀಲರು ನ್ಯಾಯಾಲಯಗಳನ್ನೇ ಬಹಿಷ್ಕರಿಸಿದರು.

ದಾರಿ, ನಾಣ್ಯ, ಭಾಷೆ: ವಲಸೆ ಹೊರಟವರು ಸೇರಿದ ಊರುಗಳು: ದಕ್ಷಿಣಕ್ಕೆ ತುಂಗಭದ್ರೆಯಾಚೆ ಮದರಾಸು ಪ್ರಾಂತದ ಕಂಪ್ಲಿ, ಸಿರುಗುಪ್ಪ, ಪಶ್ಚಿಮಕ್ಕೆ ಮುಂಬಯಿ ಪ್ರಾಂತದ ಮುಂಡರಗಿ, ಗಜೇಂದ್ರಗಡ. ಹೊಳೆಯ ಎರಡು ದಡಗಳಲ್ಲಿಯೂ ಆಡುವ ಮಾತು ಕನ್ನಡವೇ. ಆದರೆ ಹರಿಗೋಲು ಇಳಿದವನ ಗಂಟಿನಲ್ಲಿದ್ದ, ನಿಜಾಮನ ನಾಣ್ಯವಾದ ಹಾಲಿ ಸಿಕ್ಕಾ ಆಚೆ ದಡದಲ್ಲಿ ನಡೆಯುತ್ತಿರಲಿಲ್ಲ. ಸುಮಾರು 7 ಹಾಲಿ ರೂಪಾಯಿಗೆ 6 ಕಲ್ದಾರ್ (ಬ್ರಿಟಿಷ್ ಭಾರತದ) ರೂಪಾಯಿಯ ದರದಲ್ಲಿ ಅದನ್ನು ಬದಲಿಸಿಕೊಳ್ಳಬೇಕಾಗಿತ್ತು. ಸರಕು ಹೊತ್ತ ವರ್ತಕನಿಗೆ ಗಡಿಯ ಕರೋಡಗಿರಿ ನಾಕೆಯ (ಸುಂಕದ ಕಟ್ಟೆಯ) ಸುಂಕವೂ ತಪ್ಪದು. ಇದಕ್ಕಿಂತ ಕಠಿನವಾದುದು ಭಾಷೆಯ ನಷ್ಟ. ಸಂಸ್ಥಾನದ ನ್ಯಾಯಾಲಯಗಳ ವ್ಯವಹಾರವೂ, 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ ನಡೆಯುತ್ತಿದ್ದುದರಿಂದ, ಮನೆಯಲ್ಲಿ ಕನ್ನಡವನ್ನಾಡಿ ಕಚೇರಿಯಲ್ಲಿ ಉರ್ದು ಅರ್ಜಿ, ಜವಾಬುಗಳನ್ನು ಬರೆದು ಪಳಗಿದ್ದ ವಕೀಲನು, ಇಂಗ್ಲಿಷಿನ ಬಳ್ಳಾರಿಯನ್ನು ಸೇರಿದೊಡನೆ, ತನ್ನ ವಿದ್ಯೆಯ ಅರ್ಧಭಾಗವನ್ನು ಹೊಳೆಯಲ್ಲಿ ಬಿಟ್ಟುಬಂದವನಂತಾಗುತ್ತಿದ್ದನು.

ಶಿಬಿರಗಳು: ಗಡಿಶಿಬಿರಗಳಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂಡರಗಿ ಶಿಬಿರವು ಪ್ರಸಿದ್ಧ.

ಅನಂತರ: 1948ರ ಸೆಪ್ಟೆಂಬರ್ 13ರಂದು ಆರಂಭವಾದ ಭಾರತದ ಸೈನಿಕ ಕಾರ್ಯಾಚರಣೆಯು 17ರಂದು ನಿಜಾಮನ ಶರಣಾಗತಿಯೊಡನೆ ಮುಗಿಯಿತು. ಬಳಿಕ ಸಂಸ್ಥಾನದ ಹಲವೆಡೆ ಮುಸಲ್ಮಾನರು ಅನುಭವಿಸಿದ ಘೋರ ಹಿಂಸೆಯನ್ನು ಪಂಡಿತ ಸುಂದರಲಾಲರ ಸಮಿತಿಯು ದಾಖಲಿಸಿದೆ. ಅವರಲ್ಲಿಯೂ ವಿದ್ಯಾವಂತರು ಕೆಲವರು ಪಾಕಿಸ್ತಾನಕ್ಕೆ ತೆರಳಿದರು. ಆ ವಲಸೆಯನ್ನು ಬಿಟ್ಟು ಈ ವಲಸೆಯ ಚರಿತ್ರೆಯನ್ನು ಬರೆಯುವುದು ನ್ಯಾಯವಲ್ಲ. 1952ರ ವಯಸ್ಕ ಮತದಾನದಲ್ಲಿ ಶಿವಮೂರ್ತಿಸ್ವಾಮಿಗಳು ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ಆಯ್ಕೆಯಾದರು. ವೃತ್ತಿಯಿಂದ ವಕೀಲರಾದ ಬೂರ್ಗುಲ ರಾಮಕೃಷ್ಣರಾಯರು ಹೈದರಾಬಾದಿನ ಮುಖ್ಯಮಂತ್ರಿಯಾದರು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದಮೇಲೆ ಕಾರಟಗಿಯ ಜೋಳದ ಹೊಲಗಳು ಬತ್ತದ ಗದ್ದೆಗಳಾದವು. ಅಲ್ಲಿ ‘ಕ್ಯಾಂಪು’ ಎಂದರೆ ಇಂದು ಗಡಿಶಿಬಿರವಲ್ಲ, ಆಂಧ್ರದಿಂದ ಬಂದು ನೆಲೆಸಿದ ರೈತರ ವಸತಿ.