ಬಣ್ಣಕ್ಕೆ ಕಿವಿ, ನಾದಕ್ಕೆ ಕಣ್ಣು

ರೇಡಿಯೋ ಪೆಟ್ಟಿಗೆಯ ಮುಂದೆ ಕುಳಿತು ಸಂಗೀತ ಕೇಳುವಾಗ ಹಾಡುವವರ ಮುಖ ನಮಗೆ ಕಾಣದು; ಆದರೂ ಮನಸ್ಸು ಸುಮ್ಮನಿರದೆ ಒಂದು ಚಿತ್ರವನ್ನು ಬರೆದುಕೊಳ್ಳುತ್ತದೆ. ಶ್ರವ್ಯವೂ ದೃಶ್ಯವೂ ಒಂದನ್ನೊಂದು ಕರೆಯುವುದು ಹೀಗೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹಂಗೇರಿಯ ಬುಡಾಪೆಸ್ಟ್ ನಗರದಲ್ಲಿ ಈ ಎರಡು ಕಲೆಗಳಿಗೂ ನಡೆದ ಸಂವಾದವನ್ನು ವಾಚಕರ ಮುಂದಿಡುತ್ತೇನೆ.

ಆ ನಗರದ ಜನರು ಹೋಟೆಲುಗಳಲ್ಲಿ ಜಿಪ್ಸಿ ವಾದ್ಯಗಾರರು ನುಡಿಸುತ್ತಿದ್ದ ಮಟ್ಟುಗಳನ್ನೇ ತಮ್ಮ ದೇಶೀ ಸಂಗೀತವೆಂದು ನಂಬಿದ್ದರು. ಬೇಲಾ ಬಾರ್ಟೋಕ್, ಜೋಲ್ತಾನ್ ಕೊದಾಯ್ ಎಂಬ ತರುಣರಿಬ್ಬರು ಫೋನೋಗ್ರಾಫ್ ಯಂತ್ರವನ್ನು ಹೊತ್ತು ಹಳ್ಳಿಗಳನ್ನು ಸುತ್ತಿ, ರೈತರ ಹಾಡುಗಳನ್ನು ಮೇಣದ ಉರುಳೆಗಳಲ್ಲಿ ಹಿಡಿದಿಟ್ಟರು. 1906ರಲ್ಲಿ ಇಪ್ಪತ್ತು ಹಾಡುಗಳ ಪುಸ್ತಕವನ್ನು ಜೊತೆಯಾಗಿ ಪ್ರಕಟಿಸಿದರು. ಹಳೆಯ ಹಾಡುಗಳಲ್ಲಿ ಎಷ್ಟೋ ಐದೇ ಸ್ವರಗಳವು. ಶುದ್ಧ ಧನ್ಯಾಸಿಯನ್ನು ಬಲ್ಲ ಕಿವಿಗೆ ಆ ಸ್ವರಕ್ರಮ ಪರಕೀಯವಲ್ಲ.

ಇತ್ತ ಎಂಟು ಮಂದಿ ಚಿತ್ರಕಾರರು 1909ರ ಕೊನೆಯಲ್ಲಿ ಒಟ್ಟಾಗಿ ಪ್ರದರ್ಶನ ನಡೆಸಿದರು. 1911ರ ಪ್ರದರ್ಶನದ ಹೊತ್ತಿಗೆ ಅವರ ಕೂಟಕ್ಕೆ ‘ಎಂಟು ಮಂದಿ’ ಎಂಬುದೇ ಹೆಸರಾಯಿತು. ಕ್ಷಣಕಾಲದ ಬೆಳಕಿನ ಬೆಡಗನ್ನು ಬಿಟ್ಟು, ಗಟ್ಟಿಯಾದ ರೇಖೆಯನ್ನೂ ಆಕೃತಿಯ ಕಟ್ಟನ್ನೂ ಅವರು ಅರಸಿದರು. ಸಂಗೀತಗಾರರು ರಾಗದ ಮೂಲವನ್ನು ಹುಡುಕಿದರೆ ಇವರು ರೂಪದ ಮೂಲವನ್ನು ಹುಡುಕಿದರು. ಇಬ್ಬರಿಗೂ ದೊರೆತದ್ದು ಬಹುಮಟ್ಟಿಗೆ ಹಾಸ್ಯ, ನಿಂದೆ.

ಆ ಎಂಟು ಮಂದಿಯಲ್ಲಿ ಒಬ್ಬನಾದ ರೋಬೆರ್ಟ್ ಬೆರೇನಿ ಸಂಗೀತವನ್ನೂ ಬಲ್ಲವನು. 1911ರಲ್ಲಿ ಅವನು ‘ನ್ಯುಗತ್’ ಪತ್ರಿಕೆಯಲ್ಲಿ ವಿಮರ್ಶಕ ಮಹಾಶಯರನ್ನೇ ಸಂಬೋಧಿಸಿ, ಬಾರ್ಟೋಕನ ಪರವಾಗಿ ಲೇಖನ ಬರೆದನು. ತನ್ನ ಚಿತ್ರಗಳಿಗೇ ಮನ್ನಣೆ ಸಾಲದ ಕಾಲದಲ್ಲಿ ಪರರ ನಾದಕ್ಕಾಗಿ ಲೇಖನಿ ಹಿಡಿದುದು ಸಣ್ಣ ಮಾತಲ್ಲ. 1913ರಲ್ಲಿ ಬಾರ್ಟೋಕನ ಭಾವಚಿತ್ರವನ್ನೂ ಬರೆದನು. ಅಲ್ಲಿ ಮುಖಸ್ತುತಿಯಿಲ್ಲ, ಬಿಗಿದ ರೇಖೆಗಳಲ್ಲಿ ಬಾರ್ಟೋಕನ ಸಂಗೀತದ ಬಿಗಿತವೇ ಇದೆ.

ಬಾರ್ಟೋಕನೂ ಬಣ್ಣಕ್ಕೆ ಕಿವಿಗೊಟ್ಟವನೇ. ಬೇಲಾ ಬಾಲಾಜ್ ಬರೆದ ‘ನೀಲಿಗಡ್ಡನ ಕೋಟೆ’ ಎಂಬ ನಾಟಕಕ್ಕೆ ಅವನು 1911ರಲ್ಲಿ ಸಂಗೀತ ರಚಿಸಿದನು. ಅದರಲ್ಲಿ ಮುಚ್ಚಿದ ಏಳು ಬಾಗಿಲುಗಳು ಒಂದೊಂದಾಗಿ ತೆರೆಯುತ್ತವೆ. ಹಿಂಸಾಗೃಹದಿಂದ ರಕ್ತಗೆಂಪು, ಭಂಡಾರದಿಂದ ಹೊನ್ನಿನ ಬಣ್ಣ, ಉದ್ಯಾನದಿಂದ ನೀಲಿಹಸಿರು ಬೆಳಕು ಹೊರಬೀಳುತ್ತದೆ. ಬೆಳಕು ಬದಲಾದಂತೆ ವಾದ್ಯಗಳ ದನಿಯೂ ಬದಲಾಗುತ್ತದೆ. ಐದನೆಯ ಬಾಗಿಲು ತೆರೆದಾಗ ಕಣ್ಣು ಕೋರೈಸುವ ಬೆಳಕಿನೊಡನೆ ವಾದ್ಯವೃಂದವೆಲ್ಲ ಒಮ್ಮೆಗೇ ಮೊಳಗುತ್ತದೆ. ಸ್ಪರ್ಧೆಯೊಂದರಲ್ಲಿ ತಿರಸ್ಕೃತವಾದ ಈ ಕೃತಿ ರಂಗವನ್ನೇರಲು 1918ರ ಮೇ ತಿಂಗಳು ಬರಬೇಕಾಯಿತು.

1919ರ ಕ್ರಾಂತಿ ಮುರಿದುಬಿದ್ದ ಬಳಿಕ ಬೆರೇನಿ ದೇಶಬಿಟ್ಟು ಬರ್ಲಿನ್ನಿಗೆ ಹೋಗಿ, 1926ರಲ್ಲಿ ಹಿಂದಿರುಗಿದನು. ಅವನ ಪತ್ನಿ ಏತಾ ಚೆಲ್ಲೋ ವಾದಕಿ. 1928ರಲ್ಲಿ ಅವನು ಬರೆದ ಚಿತ್ರಕ್ಕೂ ಚೆಲ್ಲೋ ನುಡಿಸುವ ಸ್ತ್ರೀಯೇ ವಸ್ತು. ಬಾರ್ಟೋಕನಾದರೋ 1940ರಲ್ಲಿ ಅಮೆರಿಕೆಗೆ ತೆರಳಿ, 1945ರಲ್ಲಿ ಅಲ್ಲಿಯೇ ತೀರಿಕೊಂಡನು.

ವಾಚಕ ಮಹಾಶಯರೆ, ಎಂದಾದರೊಂದು ರಾತ್ರಿ ನಿಮ್ಮ ರೇಡಿಯೋದಲ್ಲಿ ಬಾರ್ಟೋಕನ ಕೃತಿ ಕೇಳಿಬಂದರೆ, ಕರ್ಕಶವೆಂದು ಕೂಡಲೇ ತಿರುಗುಣಿಗೆ ಕೈ ಹಾಕಬೇಡಿ. ಕಣ್ಣು ಮುಚ್ಚಿ ಐದು ನಿಮಿಷ ಕೇಳಿ. ಆ ಚಿತ್ರಕಾರನು ತನ್ನ ಕಾಲದವರಿಂದ ಬೇಡಿದ್ದೂ ಇಷ್ಟೇ.