ಜಹೀರಾಬಾದ್‌ನ 90.4: ಆಪ್‌ನಲ್ಲಿ ಸಿಗದ ಹಾಡುಗಳನ್ನು ಎಲ್ಲಿ ಕೇಳಬಹುದು?

ಬೀದರ್ ದಾಟಿ ಹೈದರಾಬಾದ್ ಹೆದ್ದಾರಿ ಹಿಡಿದರೆ ಸಿಗುವ ದೊಡ್ಡ ಪೇಟೆ ಜಹೀರಾಬಾದ್. ಅದರ ಉತ್ತರಕ್ಕೆ ನಾರಾಯಣಖೇಡ್, ದಕ್ಷಿಣಕ್ಕೆ ತೊಗರಿ ಮತ್ತು ಹಾಸುಗಲ್ಲಿಗೆ ಹೆಸರಾದ ತಾಂಡೂರು. ಮೂರೂ ಹಳೆಯ ನಿಜಾಮ್ ಸಂಸ್ಥಾನದ ನೆಲ. ತೆಲುಗು, ಕನ್ನಡ, ದಖನಿ ಉರ್ದು ಒಂದೇ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. ಹಾಡುಗಳೂ ಹಾಗೆಯೇ ಬೆರೆತಿವೆ. ಆದರೆ ಮೊಬೈಲ್‌ನ ಹಾಡಿನ ಆಪ್ ತೆರೆದರೆ ಸಿನಿಮಾ ಗೀತೆಗಳದ್ದೇ ಸಾಲು.

ಜಹೀರಾಬಾದ್ ಹತ್ತಿರದ ಮಾಚನೂರಿನಲ್ಲಿ ಇದಕ್ಕೊಂದು ಉತ್ತರ ಹುಟ್ಟಿತು: ಸಂಘಂ ರೇಡಿಯೊ, ಎಫ್‌ಎಂ 90.4. ಹೊಲದಲ್ಲಿ ದುಡಿಯುವ ದಲಿತ ಮಹಿಳೆಯರೇ ಕಟ್ಟಿದ ಬಾನುಲಿ ಇದು. ಬೆನ್ನಿಗಿದ್ದದ್ದು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ. ಅದರ ಸ್ಥಾಪಕರಲ್ಲಿ ಒಬ್ಬರಾದ, 2023ರಲ್ಲಿ ತೀರಿಕೊಂಡ ಪಿ.ವಿ. ಸತೀಶ್ ಮೈಸೂರಿನವರು, ಹಿಂದೆ ದೂರದರ್ಶನದಲ್ಲಿ ನಿರ್ಮಾಪಕರಾಗಿದ್ದವರು.

ಯುನೆಸ್ಕೊ ನೆರವಿನಿಂದ 1990ರ ದಶಕದ ಕೊನೆಗೇ ಸ್ಟುಡಿಯೊ ಸಿದ್ಧವಾಗಿತ್ತು. ಲೈಸೆನ್ಸ್ ಮಾತ್ರ ಇರಲಿಲ್ಲ. ಗಾಳಿಯ ತರಂಗಗಳು ಸಾರ್ವಜನಿಕರ ಸೊತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದ್ದರೂ, ಸಂಘ-ಸಂಸ್ಥೆಗಳಿಗೆ ಬಾನುಲಿ ನಡೆಸಲು ಕೇಂದ್ರ ಸರಕಾರ ದಾರಿ ಬಿಟ್ಟಿದ್ದು 2006ರಲ್ಲಿ. ಅಲ್ಲಿಯವರೆಗೆ ಈ ಹೆಂಗಸರು ಸುಮ್ಮನೆ ಕೂರಲಿಲ್ಲ. ಕ್ಯಾಸೆಟ್‌ಗೆ ರೆಕಾರ್ಡ್ ಮಾಡಿ ಹಳ್ಳಿಯ ಸಂಘದ ಸಭೆಗಳಲ್ಲಿ ಹಾಕಿ ಕೇಳಿಸಿದರು. 2008ರ ಅಕ್ಟೋಬರ್ 15ರಂದು ಪ್ರಸಾರ ಶುರುವಾಯಿತು. ‘ಜನರಲ್’ ನರಸಮ್ಮ, ಅಲ್ಗೋಲ್ ನರಸಮ್ಮ ಎಂಬ ಇಬ್ಬರು ಹೆಣ್ಣುಮಕ್ಕಳು ಅದರ ಧ್ವನಿಯಾದರು. ಪ್ರಸಾರಕ್ಕೆ ಆರಿಸಿಕೊಂಡದ್ದು ರಾತ್ರಿ 7ರಿಂದ 9ರ ಹೊತ್ತು. ಕೆಲಸ ಮುಗಿಸಿ ಬಂದವರಿಗೆ ಅದೇ ಪುರಸೊತ್ತಿನ ಸಮಯ. ಬಿತ್ತನೆ ಹಾಡು, ಕಳೆ ಕೀಳುವ ಹಾಡು, ಹಬ್ಬದ ಬತುಕಮ್ಮ ಹಾಡು, ಎಲ್ಲವೂ ಹಾಡುವವರ ಬಾಯಿಂದಲೇ.

ಆದರೆ ಒಂದು ತೊಡಕಿದೆ. ಸಮುದಾಯ ಬಾನುಲಿಗೆ ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರ್‌ಗಷ್ಟೇ ಅನುಮತಿ. ನಾರಾಯಣಖೇಡ್, ತಾಂಡೂರು ಎರಡೂ ಅದಕ್ಕೆ ಬಹಳ ದೂರ. ಅಲ್ಲಿ 90.4 ತಿರುಗಿಸಿ ಕೂತರೆ ಬರೀ ಗರಗರ ಸದ್ದು. ಅಲ್ಲಿನವರಿಗೆ ಆಕಾಶವಾಣಿಯೇ ಗತಿ. ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆಪ್‌ನಲ್ಲಿ ಹೈದರಾಬಾದ್, ಕಲಬುರಗಿ ಕೇಂದ್ರಗಳು ಸಿಗುತ್ತವೆ. ಜಾನಪದ ಯಾವ ದಿನ, ಎಷ್ಟು ಗಂಟೆಗೆ ಎಂದು ತಿಳಿದು ಕೂತರೆ ಮಾತ್ರ ಕೈಗೆ ಹತ್ತುತ್ತದೆ.

ಪಾಡ್‌ಕಾಸ್ಟ್, ಯೂಟ್ಯೂಬ್‌ನಲ್ಲಿ ಹುಡುಕುವವರು ‘ಫೋಕ್’ ಎಂದು ಹಾಕಿದರೆ ಡಿಜೆ ರೀಮಿಕ್ಸ್‌ಗಳ ರಾಶಿ ಬೀಳುತ್ತದೆ. ಊರಿನವರು ಕರೆಯುವ ಹೆಸರನ್ನೇ ಹಾಕಬೇಕು, ಅದೂ ಆಯಾ ಲಿಪಿಯಲ್ಲಿ. ಮಲ್ಲಣ್ಣನ ಕಥೆ ಹೇಳುವ ‘ಒಗ್ಗು ಕಥ’ ತೆಲುಗಿನಲ್ಲಿ. ಮೊಹರಂ ಹೊತ್ತಿನ ಕರ್ಬಲಾ ಹಾಡುಗಳಿಗೆ ತೆಲುಗಿನಲ್ಲಿ ‘ಪೀರ್ಲ ಪಂಡುಗ’, ಕನ್ನಡದಲ್ಲಿ ‘ರಿವಾಯತ್ ಪದ’. ಕರ್ಬಲಾದ ಕಥೆಯಾದರೂ ಹಾಡುವವರಲ್ಲಿ ಮುಸ್ಲಿಮೇತರರೂ ಬೇಕಾದಷ್ಟಿದ್ದಾರೆ. ಉರ್ದುವಿನಲ್ಲಿ ‘ಚಕ್ಕಿನಾಮಾ’ ಹುಡುಕಿ ನೋಡಿ. ಬೀಸುಕಲ್ಲಿನ ಮುಂದೆ ಕೂತ ಹೆಂಗಸರು ಹಾಡುತ್ತಿದ್ದ, ಬಿಜಾಪುರದ ಸೂಫಿಗಳ ಪರಂಪರೆಗೆ ಸೇರಿದ ದಖನಿ ಹಾಡುಗಳಿವು. ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು, ಹಾಡೂ ಅದರ ಜೊತೆ ಹೋಯಿತು. ಈಗ ವಯಸ್ಸಾದ ಕೆಲವರಿಗಷ್ಟೇ ನೆನಪು.

ಕರಾವಳಿಯವರಿಗೆ ಇದು ದೂರದ ಕಥೆಯಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಪರಿಗಣಿತ ವಿಶ್ವವಿದ್ಯಾಲಯದ ರೇಡಿಯೊ ಸಾರಂಗ್, 107.8, ತುಳು, ಕೊಂಕಣಿ ಜೊತೆ ಬ್ಯಾರಿ ಭಾಷೆಗೂ ಜಾಗ ಕೊಟ್ಟ ಸಮುದಾಯ ಬಾನುಲಿ. ಆದರೂ ಮದುವೆ ಮನೆಯ ಹಳೆಯ ಬ್ಯಾರಿ ಹಾಡುಗಳು ಎಷ್ಟು ರೆಕಾರ್ಡ್ ಆಗಿವೆ ಎಂದು ಕೇಳಿದರೆ ಉತ್ತರಕ್ಕೆ ತಡವರಿಸಬೇಕಾಗುತ್ತದೆ.

ಮಾಚನೂರಿನ ಹೆಂಗಸರು ಲೈಸೆನ್ಸ್ ಬರುವ ಮೊದಲೇ ಮಾಡಿದ ಕೆಲಸಕ್ಕೆ ಇಂದು ಮೊಬೈಲ್ ಸಾಕು. ಮನೆಯ ಹಿರಿಯರು ಹಾಡುವಾಗ ಫ್ಯಾನ್ ಆಫ್ ಮಾಡಿ, ಮೊಬೈಲನ್ನು ಹತ್ತಿರ ಇಟ್ಟು, ಅವರ ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಬೇಕು. ಹಾಡಿನ ಮೊದಲು ಅವರ ಬಾಯಿಂದಲೇ ಹೆಸರು, ಊರು, ಯಾವ ಸಂದರ್ಭದ ಹಾಡು, ಯಾರಿಂದ ಕಲಿತದ್ದು ಎಂದು ಹೇಳಿಸಿಕೊಂಡರೆ, ಮುಂದೆ ಯಾವ ಬಾನುಲಿಗೆ ಕೊಟ್ಟರೂ ಅದು ವಾರಸುದಾರರಿಲ್ಲದ ಹಾಡಾಗುವುದಿಲ್ಲ.